ಬಾವಿಗೆ ನೇಯ್ದ ಸೀರೆ

ನನ್ನ ಮೊದಲ ನೌಕರಿ ಸೊಳ್ಳೆ ಹಿಡಿಯುವುದು. ಇದನ್ನು ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಆಗಿನ ಬನಹಟ್ಟಿಯ ಮಂದಿಯೂ ನಕ್ಕಿದ್ದರು. ನಾನೂ ಅವರ ಜೊತೆ ನಕ್ಕೆ, ಕೆಲಸವೂ ಆಯಿತು.

ಜಮಖಂಡಿ ಸಂಸ್ಥಾನದ ಕೊನೆಯ ವರ್ಷಗಳವು. ಹೊರಗೆ ದೊಡ್ಡ ಯುದ್ಧ ನಡೆದಿತ್ತು. ಅದರಿಂದಾಗಿ ನಮ್ಮ ಕಡೆ ಸೀಮೆಎಣ್ಣೆ ಇಲ್ಲ, ನೂಲು ಸಾಲದು, ಚಳಿಜ್ವರಕ್ಕೆ ಕೊಡುವ ಕ್ವಿನೈನ್ ಗುಳಿಗೆಯಂತೂ ಕಣ್ಣಿಗೇ ಬೀಳದು. ಮಳೆಗಾಲದ ದಿನಗಳಲ್ಲಿ ಬನಹಟ್ಟಿಯ ನೇಕಾರರ ಓಣಿಗಳಲ್ಲಿ ದಿನ ಬಿಟ್ಟು ದಿನ ಮಗ್ಗ ನಿಲ್ಲುತ್ತಿತ್ತು. ಇಂದು ಲಾಳಿ ಓಡಿಸಿದವನು ನಾಳೆ ಎರಡು ಕೌದಿ ಹೊದ್ದು ನಡುಗುತ್ತಿದ್ದ, ನಾಡಿದ್ದು ಮತ್ತೆ ಎದ್ದು ಮಗ್ಗಕ್ಕೆ ಕೂರುತ್ತಿದ್ದ. ಮಕ್ಕಳ ಹೊಟ್ಟೆ ಮುಟ್ಟಿದರೆ ಎಡಗಡೆ ಪಕ್ಕೆಲುಬಿನ ಕೆಳಗೆ ಜ್ವರದಿಂದ ಊದಿದ ಗುಲ್ಮ ಕಲ್ಲಿನಂತೆ ಕೈಗೆ ಹತ್ತುತ್ತಿತ್ತು.

ಸಂಸ್ಥಾನದ ಆರೋಗ್ಯದ ಕೆಲಸ ನೋಡುತ್ತಿದ್ದ ಡಾಕ್ಟರರು ಒಂದು ನಿರ್ಧಾರಕ್ಕೆ ಬಂದಿದ್ದರು. ಔಷಧ ಸಿಗದಿದ್ದರೆ ಜ್ವರವೇ ಬರದಂತೆ ಮಾಡಬೇಕು. ಅದಕ್ಕೆ ಮೊದಲು ಜ್ವರ ತರುವ ಸೊಳ್ಳೆ ಯಾವುದು, ಅದು ಎಲ್ಲಿ ಕೂರುತ್ತದೆ, ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಬೇಕು. ಈ ಸೊಳ್ಳೆಗಳು ಬೆಳಗಿನ ಜಾವ ಮನೆಯೊಳಗಿನ ಕತ್ತಲೆಯ ಮೂಲೆಗಳಲ್ಲಿ ಸಿಗುತ್ತವೆ. ಡಾಕ್ಟರರು ಮೊದಲು ಇಬ್ಬರು ಗಂಡಸರನ್ನು ಕಳಿಸಿದ್ದರು. ಹೆಂಗಸರು ಏಳುವ ಹೊತ್ತಿಗೆ ಅಡುಗೆಮನೆಯ ಗೋಡೆ ತಡಕಲು ಹೋದ ಅವರಲ್ಲಿ ಒಬ್ಬನಿಗೆ ಬೈಗುಳ ಸಿಕ್ಕಿತು, ಇನ್ನೊಬ್ಬನಿಗೆ ಕಸಬರಿಗೆಯ ಏಟು. ಆಗ ಅವರಿಗೆ ನನ್ನ ನೆನಪಾಯಿತು.

ನಾನು ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ನರ್ಸ್ ಕೆಲಸ ಕಲಿತು ಆಗಷ್ಟೇ ಜಮಖಂಡಿಗೆ ಮರಳಿದ್ದೆ. ಅಲ್ಲಿಯ ಹಿರಿಯ ನರ್ಸ್ ನಮ್ಮನ್ನು ಗಡಿಯಾರದ ಮುಳ್ಳಿಗೆ ಕಟ್ಟಿ ಬೆಳೆಸಿದವರು. ಆರು ಹೊಡೆಯುವಾಗ ಹಾಸಿಗೆಯ ಮುಂದೆ ನಿಂತಿರಬೇಕು, ಕಂಡದ್ದನ್ನು ಕಂಡ ಕೂಡಲೇ ಬರೆಯಬೇಕು, ಬರೆದದ್ದನ್ನು ಅಳಿಸಬಾರದು. ಈ ಮೂರು ನಿಯಮ ಅಲ್ಲಿಂದ ತಂದದ್ದು, ಇವತ್ತಿಗೂ ಬಿಟ್ಟಿಲ್ಲ. ಸೊಳ್ಳೆ ಹಿಡಿಯಲು ಇದಕ್ಕಿಂತ ಬೇರೆ ವಿದ್ಯೆ ಬೇಕಾಗಲಿಲ್ಲ.

ಶ್ರಾವಣದ ಆರಂಭದಲ್ಲಿ ಬನಹಟ್ಟಿಗೆ ಬಂದು ದವಾಖಾನೆಯ ಹಿಂದಿನ ಖೋಲಿಯಲ್ಲಿ ಇಳಿದೆ. ದಿನಾ ಇಪ್ಪತ್ತು ಮನೆ. ಕೈಯಲ್ಲಿ ಗಾಜಿನ ನಳಿಕೆಗಳು, ಅರಳೆ, ಒಂದು ಬ್ಯಾಟರಿ, ಬರೆದುಕೊಳ್ಳಲು ವಹಿ. ಗೋಡೆಯ ಮೇಲೆ ಕೂತ ಸೊಳ್ಳೆಯ ಮೇಲೆ ನಳಿಕೆಯ ಬಾಯಿ ಮೆಲ್ಲಗೆ ಕವುಚಿದರೆ ಅದು ತಾನೇ ಮೇಲಕ್ಕೆ ಹಾರಿ ಒಳಗೆ ಬರುತ್ತದೆ. ಬಂದ ಕೂಡಲೇ ಅರಳೆ ತುರುಕಬೇಕು. ಮಲೇರಿಯಾದ ಸೊಳ್ಳೆಯನ್ನು ಗುರುತಿಸುವುದು ಸುಲಭ. ಬೇರೆ ಸೊಳ್ಳೆ ಗೋಡೆಗೆ ಸಮನಾಗಿ ಕೂರುತ್ತದೆ, ಇದು ಹಿಂಭಾಗ ಎತ್ತಿ, ಓರೆಯಾಗಿ ಹೊಡೆದ ಮೊಳೆಯ ಹಾಗೆ ಕೂರುತ್ತದೆ. ಕುಣಿಮಗ್ಗದ ಕುಣಿಗಳೆಂದರೆ ಅವಕ್ಕೆ ಬಲು ಪ್ರೀತಿ. ನೇಕಾರ ಕಾಲು ಇಳಿಬಿಟ್ಟು ಕೂರುವ ಆ ತಗ್ಗು ಕತ್ತಲೆ, ತಂಪು, ಪಸೆ. ಅದರೊಳಗೆ ಇಳಿದು ಕೂತು ನಾನು ಎಷ್ಟೋ ಮುಂಜಾನೆ ಕಳೆದಿದ್ದೇನೆ.

ಒಂದು ವಾರದೊಳಗೆ ನಾನು ಊರಿಗೆಲ್ಲ ಸೊಳ್ಳಿಬಾಯಿ ಆದೆ.

ವಾರಕ್ಕೊಮ್ಮೆ ಡಾಕ್ಟರರು ಇದ್ದಲಿನ ಗ್ಯಾಸಿನಿಂದ ಓಡುವ ಮೋಟಾರಿನಲ್ಲಿ ಬರುತ್ತಿದ್ದರು. ಏರು ಬಂದಲ್ಲಿ ಇಳಿದು ತಳ್ಳಿ ಬಂದಿರುತ್ತಿದ್ದರಾದ್ದರಿಂದ ಅವರ ಅಂಗಿಯ ತುಂಬ ಕರಿ. ಕೈ ತೊಳೆದು ಸೂಕ್ಷ್ಮದರ್ಶಕದ ಮುಂದೆ ಕೂತು, ಎರಡು ಸೂಜಿ ಹಿಡಿದು ಸೊಳ್ಳೆಯ ಜೊಲ್ಲಿನ ಗ್ರಂಥಿ ಬಿಡಿಸುತ್ತಿದ್ದರು. ಒಂದು ದಿನ, "ಬಾಯಿ, ಬಂದ ನೋಡ್ರಿ" ಎಂದು ಕರೆದರು. ಕಣ್ಣಿಟ್ಟೆ. ಎರಡೂ ತುದಿ ಚೂಪಾದ, ತುಸು ಬಾಗಿದ ಲೆಕ್ಕವಿಲ್ಲದಷ್ಟು ಎಳೆಗಳು. ಸೊಳ್ಳೆ ಕಚ್ಚಿದಾಗ ಮನುಷ್ಯನ ರಕ್ತಕ್ಕೆ ಇಳಿಯುವ ಮಲೇರಿಯಾದ ಕ್ರಿಮಿಗಳು ಅವೇ. ಆ ಸೊಳ್ಳೆ ಸಿಕ್ಕದ್ದು ಪಶ್ಚಿಮದ ಕಡೆಯ ಒಂದು ಓಣಿಯ ಮಗ್ಗದ ಕುಣಿಯಲ್ಲಿ. ಮುಂದಿನ ವಾರ ಸಿಕ್ಕದ್ದೂ ಅದೇ ಓಣಿಯದು.

ಆ ಕುಣಿಯ ಒಡೆಯನಾದ ನೇಕಾರನನ್ನು ಓಣಿಯವರಂತೆ ನಾನೂ ಕಾಕಾ ಎನ್ನುತ್ತಿದ್ದೆ. ಐವತ್ತರ ಆಸುಪಾಸಿನ ಮನುಷ್ಯ. ಸೀರೆ ನೇಯುವುದರಲ್ಲಿ ಅವರ ಕೈಗೆ ಸಮನಿಲ್ಲವೆಂದು ರಬಕವಿಯ ವ್ಯಾಪಾರಿಗಳೂ ಒಪ್ಪುತ್ತಿದ್ದರು. ಅವರ ಬಾಯಿಗೂ ಸಮನಿರಲಿಲ್ಲ. ನಾನು ಕಂಡ ಎಳೆಗಳ ಸುದ್ದಿ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟ ನಂಬರಿನ ನೂಲಿನಷ್ಟ ಸಣ್ಣ ಅದಾವ್ರಿ?"

"ನಿಮ್ಮ ಯಾವ ನಂಬರಿಗೂ ಸಿಗೂದಿಲ್ರಿ, ಕಾಕಾ."

"ಹಂಗಾರ ಅಂಥಾದ್ದ ನೂತಾವ ಯಾವಾಂವಾ? ನನಗೊಂದೀಟ ಗುರ್ತ ಮಾಡಿ ಕೊಡ್ರಿ."

ಡಾಕ್ಟರರು ಬಂದಾಗಲೂ ಕಾಕಾ ಸುಮ್ಮನಿರಲಿಲ್ಲ. "ಅಲ್ರಿ ಸಾಹೇಬ್ರ, ಸಿಡುಬಿಗೆ ತೋಳಿಗಿ ದೇವಿ ಹಾಕತೀರಿ. ಪ್ಲೇಗಿಗೆ ಸೂಜಿ ಚುಚ್ಚತೀರಿ. ಈ ಚಳಿಜ್ವರಕ್ಕ ಒಂದ ಸೂಜಿ ಯಾಕಿಲ್ರಿ?"

"ಹುಡಕಾಕತ್ತಾರ. ನಮ್ಮ ದೇಶದಾಗೂ ಹುಡಕಾಕತ್ತಾರ, ಹೊರಗೂ ಹುಡಕಾಕತ್ತಾರ. ಇನ್ನೂ ಸಿಕ್ಕಿಲ್ಲ," ಎಂದರು ಡಾಕ್ಟರರು. "ಈ ಕ್ರಿಮಿ ಭಾಳ ಬೆರಕಿ. ಸೊಳ್ಳಿ ಹೊಟ್ಟ್ಯಾಗ ಒಂದ ವೇಷ, ಸೊಳ್ಳಿ ಜೊಲ್ಲಿನಾಗ ಒಂದ ವೇಷ, ನಮ್ಮ ರಕ್ತದಾಗ ಮತ್ತೊಂದ. ಯಾವ ವೇಷದಾಗ ಹಿಡೀಬೇಕು ಅನ್ನೂದ ತಿಳೀವಲ್ದು."

ಕಾಕಾ ಲಾಳಿ ಕೆಳಗಿಟ್ಟರು. "ಬಯಲಾಟದಾಗ ಒಬ್ಬಾಂವನ ಮೂರ ವೇಷ ಕಟ್ಟಿದಂಗ ಆತ ಬಿಡ್ರಿ. ಹಂಗಾರ ಅಂವನ ಬೆನ್ನ ಹತ್ತೂದ ಯಾಕ? ವೇಷ ಕಟ್ಟೂ ಖೋಲಿಗೇ ಕೀಲಿ ಜಡೀರಲಾ!"

ಡಾಕ್ಟರರು ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ನೋಡಿ, "ಅದss ನಮ್ಮ ಕೆಲಸ, ಬಾಯಿ. ಈ ಓಣಿ ಸೊಳ್ಳಿ ಎಲ್ಲಿ ಹುಟ್ಟಾಕತ್ತಾವು, ಅದನ್ನ ಹುಡುಕ್ರಿ" ಎಂದರು.

ಓಣಿಯ ಹಳ್ಳಕೊಳ್ಳ, ಕಲ್ಲುದೋಣಿ, ಒಡೆದ ಗಡಿಗೆ ಎಲ್ಲ ನೋಡಿದೆ. ಸಿಕ್ಕ ಮರಿಗಳೆಲ್ಲ ತಲೆ ಕೆಳಗೆ ಮಾಡಿ ನೀರಿನಲ್ಲಿ ನೇತಾಡುವ ಜಾತಿಯವು, ಅಂದರೆ ಮಲೇರಿಯಾದವಲ್ಲ. ಮಲೇರಿಯಾದ ಮರಿ ನೀರಿನ ಮೇಲ್ಮೈಗೆ ಅಂಟಿಕೊಂಡು ಅಡ್ಡ ಮಲಗುತ್ತದೆ, ಮತ್ತು ಅದಕ್ಕೆ ಕೊಳೆ ನೀರು ಸೇರದು. ನೋಡದೆ ಉಳಿದದ್ದು ಓಣಿಯ ತುದಿಯ ಬಾವಿಯೊಂದೇ.

ಆ ಬಾವಿ ಒಂದು ಜೈನ ಮನೆತನದ್ದು. ಮೂಲತಃ ತೇರದಾಳ ಕಡೆಯವರು. ಮಕ್ಕಳು ಹೊಲದ ಕೆಲಸ ನೋಡಿಕೊಳ್ಳುತ್ತಿದ್ದರು, ಮನೆ ಮತ್ತು ಬಾವಿ ಎಪ್ಪತ್ತು ದಾಟಿದ ಅಜ್ಜಿಯ ಆಡಳಿತದಲ್ಲಿದ್ದವು. ಓಣಿಗೆಲ್ಲ ಅವರು ಆಯಿ. ಸುತ್ತಲಿನ ಬಾವಿಗಳ ನೀರು ಸವುಳು, ಅದರಲ್ಲಿ ಬೇಳೆ ಬೇಯದು, ನೂಲಿಗೆ ಹಚ್ಚುವ ಗಂಜಿ ಹಿಡಿಯದು. ಸಿಹಿನೀರಿನ ಬಾವಿ ಇದೊಂದೇ. ಆಯಿಯ ಮಾವ ಓಣಿಗೆಂದೇ ತೋಡಿಸಿ, ಯಾರನ್ನೂ ಬರಿಗೊಡದಲ್ಲಿ ಕಳಿಸಬೇಡವೆಂದು ಸೊಸೆಗೆ ಹೇಳಿ ಹೋಗಿದ್ದರಂತೆ. ಆ ಮಾತನ್ನು ಆಯಿ ಐವತ್ತು ವರ್ಷದಿಂದ ನಡೆಸಿಕೊಂಡು ಬಂದಿದ್ದರು.

ನಾನು ಮೊದಲ ದಿನ ಅವರ ಪಡಸಾಲೆಯ ಗೋಡೆಗೆ ಬ್ಯಾಟರಿ ಹಿಡಿದಾಗ ಹಿಂದಿನಿಂದ ದನಿ ಬಂತು.

"ಯಾರವ್ವಾ ನೀ? ಹೊತ್ತ ಮೂಡೂದ್ರಾಗ ನನ್ನ ಗ್ವಾಡಿ ಯಾಕ ತಡಕಾಕತ್ತಿ?"

"ಸೊಳ್ಳಿ ಹಿಡ್ಯಾಕ ಬಂದೇನ್ರಿ, ಆಯಿ. ಜಮಖಂಡಿ ಡಾಕ್ಟರಿಗೆ ಕೊಡಬೇಕ್ರಿ."

"ಯಾಕ, ಅವರ ಊರಾಗ ಸೊಳ್ಳಿ ಇಲ್ಲೇನು?"

"ಅದಾವ್ರಿ. ಆದ್ರ ನಿಮ್ಮ ಓಣ್ಯಾನವು ಬೇಕಂತ್ರಿ."

"ಕೊಟ್ರ ಏನ ಮಾಡತಾನ?"

ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಸೂಜಿಯಿಂದ ಬಿಡಿಸಿ ಒಳಗೆ ನೋಡುತ್ತಾರೆ ಎಂದೆ. ಆಯಿ ನನ್ನ ಕೈಯಿಂದ ನಳಿಕೆ ತೆಗೆದುಕೊಂಡು, ಅರಳೆ ಕಿತ್ತು, ಒಳಗಿದ್ದ ಒಂದೇ ಒಂದು ಸೊಳ್ಳೆಯನ್ನು ಬಾಗಿಲ ಹೊರಗೆ ಬಿಟ್ಟರು. "ಮನಿಗೆ ಬಾ, ಮಜ್ಜಿಗಿ ಕುಡಿ, ಕುಂಡ್ರು. ನನ್ನ ಮನಿ ಜೀವಕ್ಕ ಮಾತ್ರ ಕೈ ಹಚ್ಚಬ್ಯಾಡ."

ಹೀಗಾಗಿ ಇಪ್ಪತ್ತು ಮನೆಗಳಲ್ಲಿ ಒಂದು ಮನೆಯ ಪುಟ ನನ್ನ ವಹಿಯಲ್ಲಿ ಖಾಲಿ ಉಳಿಯಿತು. ನನಗೆ ಅದು ಹಲ್ಲಿಗೆ ಸಿಕ್ಕ ನಾರಿನಂತಾಗಿತ್ತು. ಮಜ್ಜಿಗೆಯ ನೆಪದಲ್ಲಿ ದಿನಾ ಹೋಗತೊಡಗಿದೆ.

ಹಾಗೆ ಹೋದ ಒಂದು ಮುಂಜಾನೆ ಆಯಿ ನೀರು ತುಂಬುವುದನ್ನು ಕಂಡೆ. ಎರಡು ಪದರ ಮಾಡಿದ ದಪ್ಪ ಬಿಳಿ ಅರಿವೆಯನ್ನು ಹಂಡೆಯ ಬಾಯಿಗೆ ಕಟ್ಟಿ, ಸೇದಿದ ನೀರನ್ನು ಅದರಲ್ಲಿ ಸೋಸುತ್ತಿದ್ದರು. ಸೋಸಿದ ಮೇಲೆ ಅರಿವೆಯನ್ನು ಝಾಡಿಸಲಿಲ್ಲ, ಹಿಂಡಲಿಲ್ಲ. ಮಗುಚಿ ಹಿಡಿದು, ಅದರ ಮೇಲೆ ಸೋಸಿದ ನೀರನ್ನೇ ಸುರಿದು, ಅಂಟಿದ್ದನ್ನೆಲ್ಲ ಒಂದು ಸಣ್ಣ ಕೊಡದೊಳಗೆ ಇಳಿಸಿದರು. ಆ ಕೊಡಕ್ಕೆ ತಳದಲ್ಲೂ ಒಂದು ಕೊಂಡಿ, ಕೊಂಡಿಗೊಂದು ದಾರ. ಅದನ್ನು ಹಗ್ಗದಿಂದ ಬಾವಿಯೊಳಗೆ ನೀರು ಮುಟ್ಟುವವರೆಗೆ ಇಳಿಸಿ, ತಳದ ದಾರ ಎಳೆದು ಮೆಲ್ಲಗೆ ಮಗುಚಿದರು.

"ಏನ ಮಾಡಿದ್ರಿ, ಆಯಿ?"

"ಯಾವ ನೀರಾಗಿಂದ ಬಂದಾವೋ ಅದ ನೀರಿಗಿ ಮುಟ್ಟಿಸಬೇಕವ್ವಾ. ಮ್ಯಾಲಿಂದ ಒಗದ್ರ ಪೆಟ್ಟ ಹತ್ತತೈತಿ."

"ನಾಳಿ ಬಿಡೂ ಮೊದಲ ಒಮ್ಮೆ ನಾ ನೋಡಲ್ರಿ? ಕೈ ಹಚ್ಚೂದಿಲ್ರಿ. ಎಣಿಸಿ ಕೊಡತೇನಿ."

ಆಯಿ ಯೋಚಿಸಿದರು. "ಎಣಿಸಿದ್ರ ಅವಕ್ಕ ಏನ ನೋವಾಗತೈತಿ? ನೋಡು."

ಮರುದಿನ ಬಿಳಿ ತಟ್ಟೆಯೊಂದರಲ್ಲಿ ನೀರು ಹಾಕಿ ಅರಿವೆಯನ್ನು ಅದರಲ್ಲಿ ತೊಳೆದೆ. ಮೇಲ್ಮೈಯಲ್ಲಿ ಅಡ್ಡ ಮಲಗಿದವು ಒಂದು, ಎರಡು, ಮೂರು... ಇಪ್ಪತ್ತು ದಾಟಿದ ಮೇಲೆ ವಹಿ ತೆರೆದೆ. ಓಣಿಯ ಸೊಳ್ಳೆಗಳ ತವರು ಸಿಕ್ಕಿತ್ತು. ಐವತ್ತು ವರ್ಷದಿಂದ ಆಯಿ ಅವನ್ನು ದಿನಾ ಬೆಳಿಗ್ಗೆ ಎತ್ತಿ, ನೀರು ಹಾಕಿ, ಪೆಟ್ಟಾಗದಂತೆ ಮನೆಗೆ ಮುಟ್ಟಿಸುತ್ತಿದ್ದರು.

ಕಂಡದ್ದನ್ನು ಬರೆದೆ. ಬರೆದದ್ದು ಡಾಕ್ಟರರಿಗೆ ಹೋಯಿತು. ಗಣೇಶ ಚೌತಿಯ ಮುಂದೆ ಅವರು ಹುಕುಂ ಹಿಡಿದು ಬಂದರು. ಮಲೇರಿಯಾದ ಮರಿ ಕಂಡ ಬಾವಿಗೆ ಎಣ್ಣೆ ಹೊಡೆಯಬೇಕು, ಇಲ್ಲವೇ ಮೀನು ಬಿಡಬೇಕು, ಎರಡೂ ಆಗದಿದ್ದರೆ ಮಣ್ಣು ಹಾಕಿ ಮುಚ್ಚಬೇಕು. ಕುಡಿಯುವ ನೀರಿಗೆ ಎಣ್ಣೆ ಹೊಡೆಯುವ ಹಾಗಿರಲಿಲ್ಲ. ಮೀನಿನ ಮಾತು ಬಂದಾಗ ಆಯಿ ಕಟ್ಟೆಯ ಮೇಲೆ ಕೂತುಬಿಟ್ಟರು.

"ಹಸದ ಜೀವಾ ತಂದ ಬಿಟ್ಟ, 'ತಿನ್ನು' ಅಂತ ನಾ ಹೇಳಬೇಕೇನು? ಅದು ನನ್ನ ಕೈಲೆ ಕೊಂದಂಗss ಆತು."

"ಆಯಿ, ಹಂಗಾರ ಮಣ್ಣ ಹಾಕಬೇಕಾಗತೈತ್ರಿ," ಎಂದರು ಡಾಕ್ಟರರು. ಕಠಿಣವಾಗಿಯಲ್ಲ, ಆದರೆ ತಿರುಗಿಸಲು ಬಾರದಂತೆ.

ಕಟ್ಟೆಯ ಸುತ್ತ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಬಾವಿ ಹೋದರೆ ಅವರು ಸಿಹಿನೀರಿಗೆ ಊರ ಇನ್ನೊಂದು ತುದಿಗೆ ಹೋಗಬೇಕು. ಬಾವಿ ಉಳಿದರೆ ಅವರ ಮಕ್ಕಳ ಜ್ವರ ಉಳಿಯುತ್ತದೆ. ಬಾವಿ ಮುಚ್ಚಿದರೆ ಆಯಿ ಮಾವನಿಗೆ ಕೊಟ್ಟ ಮಾತೂ ಹೋಗುತ್ತದೆ. ಇದಕ್ಕೆಲ್ಲ ನನ್ನ ವಹಿಯ ಒಂದು ಸಾಲು ಕಾರಣ. ಆ ಹೊತ್ತು ನನಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ಆಗ ಆಯಿಯೇ ಮಾತಾಡಿದರು. "ಒಳಗ ಇದ್ದದ್ದನ್ನ ಕೊಲ್ಲಬ್ಯಾಡ್ರಿ. ಹೊರಗಿಂದು ಒಳಗ ಬರಲಾರದಂಗ ಮಾಡ್ರಿ. ಮಸರಿನ ಗಡಗಿಗಿ ಅರಿವಿ ಕಟ್ಟತೀವಿ, ಬಾವಿಗಿ ಕಟ್ಟಾಕ ಏನ ಧಾಡಿ?"

ಹೆಂಗಸರ ಹಿಂದೆ ನಿಂತಿದ್ದ ಕಾಕಾ ಚಪ್ಪಾಳೆ ತಟ್ಟಿದರು. "ಅದss ನಾ ಹೇಳಿದ ಕೀಲಿ! ಅರಿವಿ ನಾ ನೇಯತೇನ್ರಿ, ಸಾಹೇಬ್ರ."

ಡಾಕ್ಟರರು ಬಹಳ ಹೊತ್ತು ಬಾವಿಯೊಳಗೆ ಇಣುಕಿ ನೋಡಿದರು. ಕೊನೆಗೆ ಷರತ್ತು ಹೇಳಿದರು. ದೀಪಾವಳಿ ಅಮಾವಾಸ್ಯೆಯ ಒಳಗೆ, ಒಂದರ ಹಿಂದೆ ಒಂದು ಹದಿನೈದು ದಿನ ಆಯಿಯ ಸೋಸುವ ಅರಿವೆ ಖಾಲಿ ಬರಬೇಕು. ಬಂದರೆ ಬಾವಿ ಉಳಿಯಿತು. ನಡುವೆ ಒಂದೇ ಮರಿ ಕಂಡರೂ ಎಣಿಕೆ ಮೊದಲಿನಿಂದ. ಅಮಾವಾಸ್ಯೆ ದಾಟಿದರೆ ಮಣ್ಣಿನ ಬಂಡಿ ಬರುತ್ತದೆ.

ಮೇದಾರರಿಂದ ಬಿದಿರಿನ ದೊಡ್ಡ ಬಳೆ ಮಾಡಿಸಿದೆವು. ನೂಲಿಗೆ ಅಭಾವ, ಆದ್ದರಿಂದ ಓಣಿಯ ಮನೆಮನೆಯಿಂದ ಮಗ್ಗದಲ್ಲಿ ಉಳಿದ ತುಂಡು ಎಳೆಗಳು ಬಂದವು. ಕೆಂಪು, ಹಸಿರು, ಕಪ್ಪು, ಅರಿಸಿನ. ಹೆಂಗಸರು ಕೂತು ಗಂಟು ಹಾಕಿದರು. ಕಾಕಾ ಹಗಲೆಲ್ಲ ನೇಯ್ದು, ಪಟ್ಟಿಗಳನ್ನು ಜೋಡಿಸಿ ಹೊಲಿದು, ಬಳೆಗೆ ಬಿಗಿದು ತಂದರು. ನಡುವೆ ಕೊಡ ಇಳಿಯುವಷ್ಟು ಕಿಂಡಿ, ಅದಕ್ಕೊಂದು ಲಾಡಿ ಕಟ್ಟಿದ ಮುಚ್ಚಳ. ಅನಂತ ಚತುರ್ದಶಿ ಕಳೆದ ಮರುದಿನ ಅದನ್ನು ಬಾವಿಗೆ ಹೊದಿಸಿದಾಗ ಯಾರೋ, "ಬಾವಿಗಿ ಸೀರಿ ಉಡಿಸಿದ್ರಲೇ!" ಎಂದು ಕೂಗಿದರು. ಒಬ್ಬಾಕೆ ಅರಿಸಿನ ಕುಂಕುಮ ತಂದೇ ಬಿಟ್ಟಳು.

ಕಿಂಡಿ ಮುಚ್ಚುವ ಹೊಣೆ ಯಾರದು ಎಂಬ ಚರ್ಚೆಗೆ ಅವಕಾಶವೇ ಇರಲಿಲ್ಲ. ಸೊಳ್ಳೆ ತತ್ತಿಯಿಡಲು ಬರುವುದು ಹೊತ್ತು ಮುಳುಗಿದ ಮೇಲೆ. ಆಯಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ ಕೈ ತೊಳೆಯುವವರು, ಜೀವಮಾನದಲ್ಲಿ ಒಂದು ದಿನ ತಪ್ಪಿಸಿದವರಲ್ಲ. ಕೈ ತೊಳೆದವರೇ ಬಂದು ಲಾಡಿ ಕಟ್ಟುತ್ತಿದ್ದರು. ನನ್ನ ಹಿರಿಯ ನರ್ಸ್ ಕೂಡ ಆ ಶಿಸ್ತಿಗೆ ತಲೆಬಾಗುತ್ತಿದ್ದರು. ಬೆಳಿಗ್ಗೆ ಕಿಂಡಿ ತೆರೆದಾಗ ಒಳಗೆ ಬೆಳೆದ ಸೊಳ್ಳೆಗಳು ಮುಖಕ್ಕೇ ಹಾರಿ ಬರುತ್ತಿದ್ದವು. "ಹೋಗ್ರೆವಾ, ಹೊತ್ತಾತು, ಹೋಗ್ರಿ" ಎಂದು ಆಯಿ ಅವನ್ನು ಬೀಳ್ಕೊಡುತ್ತಿದ್ದರು. ಹೋದವು ಹೋದವು, ತತ್ತಿಯಿಡಲು ಮರಳಿ ಬಂದಾಗ ಬಾಗಿಲಿಗೆ ಕೀಲಿ.

ತಟ್ಟೆಯಲ್ಲಿ ಮರಿಗಳು ದಿನದಿಂದ ದಿನಕ್ಕೆ ಕಡಿಮೆಯಾದವು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಅರಿವೆ ಖಾಲಿ ಬಂತು. ಮರುದಿನವೂ ಖಾಲಿ. ಓಣಿಯ ಮಕ್ಕಳಿಗೂ ಎಣಿಕೆ ಬಾಯಿಪಾಠವಾಯಿತು. ನಾನು ಬಂದದ್ದು ಕಂಡರೆ, "ಬಾಯಾರ, ಇವತ್ತಿಗೆ ಎಂಟೇನ್ರಿ?" ಎಂದು ಕೂಗುತ್ತಿದ್ದವು.

ದಸರೆ ಕಳೆದ ಎರಡನೆಯ ಬೆಳಿಗ್ಗೆ. ಹನ್ನೆರಡು ದಿನ ಆಗಿತ್ತು. ಇನ್ನು ಮೂರೇ. ನಾನು ವಹಿ ತೆರೆದು ಪೆನ್ಸಿಲ್ ಹಿಡಿದು ಕಟ್ಟೆಗೆ ಒರಗಿದ್ದೆ. ಬಾವಿಗೆ ಹೊದಿಸಿದ ಮುಚ್ಚಳದ ಒಂದು ಕಡೆ ಹೊಟ್ಟೆ ಜೋತುಬಿದ್ದಂತೆ ಅರಿವೆ ಇಳಿದಿತ್ತು, ಅದರಲ್ಲಿ ಅಂಗೈ ಆಳದ ನೀರು ನಿಂತಿತ್ತು. ಹಿಂದಿನ ವಾರದ ಮಳೆ, ಮೇಲೆ ದಿನಾ ಕೊಡಗಳಿಂದ ಚೆಲ್ಲಿದ್ದು. ಸುಮ್ಮನೆ ಬಾಗಿ ನೋಡಿದೆ. ನೀರಿನ ಮೇಲೆ ಅಡ್ಡ ಮಲಗಿ ಬಿಸಿಲು ಕಾಯುತ್ತಿದ್ದವು, ಗುಂಪಾಗಿ.

ಕಾಕಾನನ್ನು ಕರೆಸಿದೆ. ಅವರು ಮುಚ್ಚಳ ಮುಟ್ಟಿ ನೋಡಿದರು, ನನ್ನನ್ನು ನೋಡಿದರು, ನೆಲ ನೋಡಿದರು.

"ಕಾಕಾ, ಜಾಳಜಾಳ ನೇಯ್ರಿ ಅಂದಿದ್ದೆ. ಇದರಾಗ ನೀರ ಯಾಕ ನಿಂತೈತಿ?"

"ಎಳಿ ಒತ್ತೂ ಹಣಗಿ ಕೈಯಾಗ ಬಂದ್ರ ಒತ್ತಾಕss ಬೇಕ್ರಿ. ಕೈ ಕೇಳೂದಿಲ್ಲ."

ಆಯಿ ಅರಿವೆಯ ಅಂಚು ಹಿಡಿದು ತಿಕ್ಕಿದರು. "ಗಂಜೀನೂ ಹಾಕ್ಯಾನ!"

"ಆಯಿ, ಊರ ಮಂದಿ ನೋಡೂ ಅರಿವಿ. ಗಂಜಿ ಹಾಕಲಾರದ ಹೆಂಗ ಕೊಡ್ಲಿ? ನಮ್ಮಪ್ಪ ಇದ್ದಿದ್ರ ಬಡಿಗಿ ತಗೊಂಡ ಬರತಿದ್ದ."

ಮೂವತ್ತೈದು ವರ್ಷ ಒತ್ತಾಗಿ ನೇಯ್ದ ಕೈ ಒಂದು ಹನಿಯೂ ಸೋರದ ಬಟ್ಟೆ ಕೊಟ್ಟಿತ್ತು. ಬಾವಿಯನ್ನು ಮುಚ್ಚಲು ಹೋಗಿ ಅದರ ಮೇಲೆ ಸಣ್ಣದೊಂದು ಕೆರೆ ಕಟ್ಟಿದ್ದೆವು.

ನಾನು ಬರೆಯತೊಡಗಿದೆ. ಕಾಕಾ ವಹಿಯ ಮೇಲೆ ಕೈ ಇಟ್ಟರು. "ಬಾಯಾರ, ತಡೀರಿ. ಷರತ್ತ ಏನೈತಿ? ಸೋಸೂ ಅರಿವಿ ಖಾಲಿ ಬರಬೇಕು. ಬಂದೈತಿ. ಇವು ಬಾವ್ಯಾಗಿಲ್ಲ, ಬಾವಿ ಮ್ಯಾಲ ಅದಾವು. ಬರಿಯೂದ ಏನ ಗರಜಿಲ್ಲ."

ಆ ಮಾತಿನಲ್ಲಿ ಹುರುಳಿತ್ತು. ಮೂರು ದಿನ ಸುಮ್ಮನಿದ್ದರೆ ಬಾವಿ ಉಳಿಯುತ್ತಿತ್ತು. ಪೆನ್ಸಿಲ್ ಕಾಗದದ ಮೇಲೆ ನಿಂತೇ ಇತ್ತು. ಕೊಡ ಹಿಡಿದ ಹೆಂಗಸರೆಲ್ಲ ಅದರ ತುದಿಯನ್ನೇ ನೋಡುತ್ತಿದ್ದರು. ಒಪ್ಪಿಕೊಳ್ಳುತ್ತೇನೆ, ನನ್ನ ಮನಸ್ಸು ಒಮ್ಮೆ ಆ ಕಡೆ ವಾಲಿತು.

"ಕೈ ತಗೀಯಪ್ಪಾ," ಎಂದರು ಆಯಿ. "ಆಕಿ ಇದ್ದದ್ದ ಬರೀಲಿ. ಮುಚ್ಚಿಟ್ಟ ಉಳಿಸಿದ ಬಾವಿ ನೀರ ನನಗ ಗಂಟಲ್ದಾಗ ಇಳಿಯೂದಿಲ್ಲ."

ಬರೆದೆ. ಎಣಿಕೆ ಅಳಿಯಿತು. ದೀಪಾವಳಿಗೆ ಹದಿನೆಂಟು ದಿನ ಉಳಿದಿದ್ದವು. ಹದಿನೈದು ಷರತ್ತಿಗೆ ಹೋದರೆ ಕೈಯಲ್ಲಿ ಮೂರು.

ಮೊದಲ ತೊಡಕು, ಆ ಕೆರೆಯ ಮರಿಗಳನ್ನು ಏನು ಮಾಡುವುದು ಎಂಬುದು. ಬಾವಿಗೆ ಬಿಡುವಂತಿಲ್ಲ, ನೆಲಕ್ಕೆ ಚೆಲ್ಲಲು ಆಯಿ ಬಿಡರು. ಕೊನೆಗೆ ನೀರು ಸಮೇತ ಎರಡು ಕೊಡಗಳಲ್ಲಿ ತುಂಬಿ ಊರ ಹೊರಗಿನ ಹಳ್ಳಕ್ಕೆ ಒಯ್ಯುವುದೆಂದಾಯಿತು. ಒಂದು ಕೊಡ ನನ್ನ ಸೊಂಟದ ಮೇಲೆ, ಇನ್ನೊಂದು ಕಾಕಾನ ಹೆಗಲ ಮೇಲೆ, ಹಿಂದೆ ಕೋಲೂರಿಕೊಂಡು ಆಯಿ. "ಸೊಳ್ಳಿ ದಿಬ್ಬಣ ಎಲ್ಲಿಗೆ ಹೊಂಟೈತಿ?" ಎಂದು ದಾರಿಯುದ್ದಕ್ಕೂ ಮಂದಿ ಕೇಳಿದರು. "ಗಂಡನ ಮನಿಗಿ ಕಳಸಾಕತ್ತೇವಿ!" ಎಂದರು ಕಾಕಾ.

ಹಳ್ಳದ ದಂಡೆಯಲ್ಲಿ ಆಯಿಗೆ ಅನುಮಾನ ಬಂತು. "ಇಲ್ಲಿ ಮೀನ ಅದಾವೇನು?"

"ಇದ್ರ ಅದು ಮೀನಿಗೂ ಅವಕ್ಕೂ ಬಿಟ್ಟ ಮಾತ, ಆಯಿ. ನಾವ ನೀರಿಗಿ ಮುಟ್ಟಿಸೇವಿ," ಎಂದರು ಕಾಕಾ.

ಮಳೆಯ ನೀರು ರಭಸದಿಂದ ಹರಿಯುತ್ತಿತ್ತು. ಹರಿಯುವ ನೀರಿನಲ್ಲಿ ಈ ಮರಿಗಳು ಹೆಚ್ಚು ಹೊತ್ತು ಬದುಕುವುದಿಲ್ಲವೆಂದು ನನಗೆ ಗೊತ್ತಿತ್ತು. ಆಯಿ ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಸಾಲು ಮಾತ್ರ ನನ್ನ ವಹಿಯಲ್ಲಿಲ್ಲ.

ಆ ಮೂರು ದಿನ ಕಾಕಾ ಮನೆಯ ಬಾಗಿಲಿಗೆ ಹಳೆಯ ಧೋತರ ಕಟ್ಟಿಕೊಂಡು ನೇಯ್ದರು. ತಾವು ಜಾಳು ನೇಯುವುದನ್ನು ಯಾರೂ ನೋಡಬಾರದು. ಒಳಗಿನಿಂದ ಅವರ ಬೈಗುಳ ಕೇಳುತ್ತಿತ್ತು, ಬೈಸಿಕೊಳ್ಳುತ್ತಿದ್ದದ್ದು ಅವರ ಕೈಯೇ. "ಒತ್ತಬ್ಯಾಡಲೇ! ಬಿಡು ಅಂದ್ರ ಬಿಡು!" ಅಷ್ಟು ದಿನ ಆಯಿ ಹಳೆಯ ಮುಚ್ಚಳದ ಪಕ್ಕದಲ್ಲಿ ಅರಿವೆ ಹಿಡಿದು ಕೂತು, ನಿಂತ ನೀರನ್ನು ಆಗಾಗ ಹೀರಿ ತೆಗೆದರು. ಮೂರನೆಯ ದಿನ ಮಧ್ಯಾಹ್ನ ಹೊಸ ಮುಚ್ಚಳ ಬಂತು. ಸೊಳ್ಳೆ ನುಸುಳದು, ನೀರು ನಿಲ್ಲದು. ಒಂದು ಕೊಡ ನೀರು ಸುರಿದು ನೋಡಿದೆ, ಅಷ್ಟೂ ಇಳಿದು ಹೋಯಿತು. ಕಾಕಾ ಮಾತ್ರ ಅದರ ಕಡೆ ತಿರುಗಿ ನೋಡಲಿಲ್ಲ. "ಯಾರರ ಕೇಳಿದ್ರ ರಬಕವಿಯಾಂವ ನೇಯ್ದ ಅಂತ ಹೇಳ್ರಿ" ಎಂದು ಹೋದರು.

ಹದಿನಾಲ್ಕು ದಿನ ಅರಿವೆ ಖಾಲಿ ಬಂತು.

ಹದಿನೈದನೆಯ ಬೆಳಿಗ್ಗೆ, ಅಮಾವಾಸ್ಯೆಯ ದಿನ, ಡಾಕ್ಟರರು ತಾವೇ ನೋಡುತ್ತೇನೆಂದು ಹೇಳಿ ಕಳಿಸಿದ್ದರು. ಹೊತ್ತು ಮೂಡಿತು, ಏರಿತು, ಮೋಟಾರು ಬರಲಿಲ್ಲ. ಆಯಿ ಸೋಸದ ನೀರು ಕುಡಿಯುವವರಲ್ಲ, ಡಾಕ್ಟರರು ಬರುವವರೆಗೆ ಸೋಸುವಂತಿಲ್ಲ. ಹಬ್ಬದ ದಿನ ಬಾಯಿ ಒಣಗಿಸಿಕೊಂಡು ಕಟ್ಟೆಯ ಮೇಲೆ ಕೂತೇ ಇದ್ದರು. ಓಣಿಯೂ ಕೂತಿತ್ತು. ಕೊನೆಗೆ ಡಾಕ್ಟರರು ನಡೆದೇ ಬಂದರು, ಮುಖದ ಮೇಲೆ ಇದ್ದಲ ಕರಿ.

"ಮೋಟಾರ ಕುಂತ ಬಿಡ್ತ್ರಿ, ಆಯಿ. ಸೋಸ್ರಿ."

ಆಯಿ ಸೇದಿ ಸೋಸಿದರು. ನಾನು ತಟ್ಟೆಯಲ್ಲಿ ಅರಿವೆ ತೊಳೆದೆ. ಡಾಕ್ಟರರು ಭೂತಗಾಜು ಹಿಡಿದು ಬಾಗಿದರು. ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡುತ್ತ ಬಂದವರು ನಡುವೆ ನಿಂತರು.

"ಬಾಯಿ, ಇದೇನು?"

ನೋಡಿದೆ. ಕಪ್ಪಗೆ, ಸಣ್ಣಗೆ, ತುಸು ಬಾಗಿ, ನೀರಿನ ಮೇಲೆ ಅಡ್ಡ ಮಲಗಿತ್ತು. ಕಾಕಾ ಜನರನ್ನು ಸರಿಸಿ ಬಂದು, ಡಾಕ್ಟರರ ಕೈಯಿಂದ ಗಾಜು ಕಸಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಸಾಹೇಬ್ರ, ಇದು ನನ್ನ ಎಳಿ! ಕರೇ ಅಂಚಿನ ನೂಲ, ನಲ್ವತ್ತರ ನಂಬರ. ಜಾಳ ನೇಯಸಿದ್ರ ಉದರತಾವು ಅಂತ ನಾ ಮೊದ್ಲss ಬಡಕೊಂಡಿದ್ನಿ!"

ಡಾಕ್ಟರರು ಸೂಜಿಯ ತುದಿಯಿಂದ ಅದನ್ನು ಮುಟ್ಟಿದರು. ಅದು ಅಲುಗಲಿಲ್ಲ. ಸೂಜಿಗೆ ಸುತ್ತಿಕೊಂಡಿತು. ನೂಲೇ ಹೌದು. ತಟ್ಟೆಯನ್ನು ಇನ್ನೊಮ್ಮೆ ಅಂಚಿನಿಂದ ಅಂಚಿಗೆ ನೋಡಿ, ನನ್ನ ವಹಿ ಇಸಿದುಕೊಂಡು, ಹದಿನೈದನೆಯ ಸಾಲಿನ ಮುಂದೆ ತಾವೇ ಸೊನ್ನೆ ಬರೆದು ಸಹಿ ಹಾಕಿದರು. ಓಣಿಯಲ್ಲಿ ಎದ್ದ ಕೂಗು ದಸರೆಯ ಬಯಲಾಟಕ್ಕೂ ಎದ್ದಿರಲಿಲ್ಲ.

ಮುಂದಿನ ವರ್ಷ ಸಂಸ್ಥಾನದ ಇನ್ನಷ್ಟು ಬಾವಿಗಳಿಗೆ ಅಂಥ ಬಟ್ಟೆ ಹೋಯಿತು. ಎಲ್ಲದಕ್ಕೂ ಜಾಳು ನೇಯ್ದುಕೊಟ್ಟವರು ಕಾಕಾನೇ, ಬಾಗಿಲಿಗೆ ಧೋತರ ಕಟ್ಟಿಕೊಂಡು. ನಾನು ಆ ಓಣಿಯ ಮಕ್ಕಳ ಹೊಟ್ಟೆ ಮತ್ತೆ ಮುಟ್ಟಿ ನೋಡಿದಾಗ ಎಷ್ಟೋ ಮಕ್ಕಳ ಗುಲ್ಮ ಬೆರಳಿಗೆ ಹತ್ತಲಿಲ್ಲ. ಕಾಕಾ ಕೇಳಿದ ಸೂಜಿಯನ್ನು ಇಂದಿಗೂ ಹುಡುಕುತ್ತಿದ್ದಾರೆಂದು ಪತ್ರಿಕೆಯಲ್ಲಿ ಓದುತ್ತೇನೆ. ಸಿಗುತ್ತದೆ. ಹುಡುಕುವವರು ಬಿಟ್ಟಿಲ್ಲವಲ್ಲ.

ಆ ಅಮಾವಾಸ್ಯೆಯ ಬೆಳಗಿನದು ಒಂದು ಮಾತು ಉಳಿಯಿತು. ಎಲ್ಲರೂ ಡಾಕ್ಟರರಿಗೆ ಹಬ್ಬದ ಉಂಡಿ ಕೊಡುವ ಗದ್ದಲದಲ್ಲಿದ್ದಾಗ ಆಯಿ ನನ್ನ ತಟ್ಟೆಯನ್ನು ಎತ್ತಿಕೊಂಡರು. ಸೂಜಿಯಿಂದ ಆ ಕಪ್ಪು ನೂಲನ್ನು ಬಿಡಿಸಿ ನೀರಿಗೆ ಹಾಕಿ, ತಳಕ್ಕೆ ಕೊಂಡಿಯಿದ್ದ ಸಣ್ಣ ಕೊಡಕ್ಕೆ ಇಳಿಸಿ, ಹಗ್ಗ ಕೈಗೆ ತೆಗೆದುಕೊಂಡರು.

"ಆಯಿ, ಅದು ನೂಲ್ರಿ!" ಎಂದರು ಕಾಕಾ. "ಅದಕ್ಕ ಜೀವಾ ಇಲ್ಲ."

"ನನ್ನ ಕಣ್ಣಿಗಿ ಅಷ್ಟ ಸಣ್ಣದು ತಿಳಿಯೂದಿಲ್ಲಪ್ಪಾ," ಎಂದರು ಆಯಿ. ಕಿಂಡಿಯ ಲಾಡಿ ಬಿಚ್ಚಿ ಕೊಡ ಒಳಗೆ ಬಿಟ್ಟರು. ನೀರು ಮುಟ್ಟಿದ ಸಪ್ಪಳ ಕೇಳುವವರೆಗೆ ಇಳಿಸಿ, ತಳದ ದಾರವನ್ನು ಮೆಲ್ಲಗೆ ಎಳೆದರು.